ಗ್ಲೂಕೋಸ್ ಕಿಟ್ಟನ್ನು ಒರೆಗೆ ಹಚ್ಚುವ ಬಗೆ

ರಕ್ತದ ಸಕ್ಕರೆ ಅಳೆಯಲು ನಮ್ಮ ಲ್ಯಾಬಿನಲ್ಲಿ ಬಳಸುವುದು ಗಾಡ್-ಪಾಡ್ ಕಿಟ್. ಇದರಲ್ಲಿ ಗ್ಲೂಕೋಸ್ ಆಕ್ಸಿಡೇಸ್ ಕಿಣ್ವ ಗ್ಲೂಕೋಸಿನಿಂದ ಪೆರಾಕ್ಸೈಡ್ ಹುಟ್ಟಿಸುತ್ತದೆ, ಪೆರಾಕ್ಸಿಡೇಸ್ ಅದರಿಂದ ಬಣ್ಣ ಕಟ್ಟಿಸುತ್ತದೆ. ಕ್ರಮ ಇಷ್ಟು: 1 ಮಿ.ಲೀ. ರೀಜೆಂಟ್, 10 ಮೈಕ್ರೋಲೀಟರ್ ಪ್ಲಾಸ್ಮಾ, 37 ಡಿಗ್ರಿಯಲ್ಲಿ 10 ನಿಮಿಷ, 505 ನ್ಯಾನೋಮೀಟರ್‌ನಲ್ಲಿ ರೀಡಿಂಗ್. ಹೊಸ ಕಿಟ್ ಬಂದರೆ ಹೋಲಿಕೆಗೆ ಮಾನದಂಡವಾದ ಹೆಕ್ಸೊಕೈನೇಸ್ ವಿಧಾನದ ಎದುರಿಗಿಟ್ಟು ನೋಡದೆ ಬಳಕೆಗೆ ತರುವುದಿಲ್ಲ.

ಮೊದಲು ಎರಡು ಮಟ್ಟದ ಕಂಟ್ರೋಲ್‌ಗಳನ್ನು (ಗ್ಲೂಕೋಸ್ ಎಷ್ಟಿದೆಯೆಂದು ಮೊದಲೇ ಗೊತ್ತಿರುವ ಸ್ಯಾಂಪಲ್‌ಗಳನ್ನು) ದಿನಕ್ಕೆ 5 ಸಲದಂತೆ 5 ದಿನ ಹಾಕುತ್ತೇವೆ. ಅದರಲ್ಲಿ ಒಂದು 126 ಮಿ.ಗ್ರಾಂ./ಡೆ.ಲೀ. ಆಸುಪಾಸಿನಲ್ಲೇ ಇರಬೇಕು. ಖಾಲಿ ಹೊಟ್ಟೆಯ ಸಕ್ಕರೆ ನೋಡಿ ಮಧುಮೇಹ ಹೌದೋ ಅಲ್ಲವೋ ಎನ್ನುವ ಗೆರೆ ಅದು. ಒಂದೇ ದಿನದ ಐದು ರೀಡಿಂಗ್‌ಗಳು ಚದುರಿದ್ದರೆ ಕಿಟ್ಟನ್ನು ದೂರುವ ಮುನ್ನ ಪಿಪೆಟ್ ನೋಡಿ. ಟಿಪ್‌ನ ಹೊರಮೈಗೆ 1 ಮೈಕ್ರೋಲೀಟರ್ ಪ್ಲಾಸ್ಮಾ ಅಂಟಿಕೊಂಡು ಹೋದರೂ ಉತ್ತರ ಶೇ. 10ರಷ್ಟು ಏರುತ್ತದೆ. ಟಿಶ್ಯೂನಲ್ಲಿ ಒರೆಸಿಯೇ ಹಾಕಬೇಕು.

ಲೀನಿಯಾರಿಟಿಗೆ, ಅಂದರೆ ಗ್ಲೂಕೋಸ್ ಹೆಚ್ಚಿದಷ್ಟೇ ರೀಡಿಂಗೂ ಹೆಚ್ಚುತ್ತದೆಯೇ ಎಂದು ನೋಡಲು, ಗ್ಲೂಕೋಸ್ ದ್ರಾವಣವನ್ನು ನಾವೇ ಮಾಡಿಕೊಳ್ಳುತ್ತೇವೆ. ಡಬ್ಬಿಯ ಮೇಲೆ ಮಾನೋಹೈಡ್ರೇಟ್ (ನೀರಿನ ಅಣು ಸೇರಿದ ಗ್ಲೂಕೋಸ್) ಎಂದಿದ್ದರೆ 1 ಗ್ರಾಂ ಬದಲು 1.1 ಗ್ರಾಂ ತೂಗಬೇಕು. ಕರಗಿಸಿದ ಕೂಡಲೇ ಓದಿದರೆ ಕಡಿಮೆ ಬರುತ್ತದೆ: ಗ್ಲೂಕೋಸಿಗೆ ಆಲ್ಫಾ, ಬೀಟಾ ಎಂಬ ಎರಡು ರೂಪಗಳಿವೆ, ಆಕ್ಸಿಡೇಸ್ ಹಿಡಿಯುವುದು ಬೀಟಾ ರೂಪವನ್ನು, ಪುಡಿಯಲ್ಲಿರುವುದು ಬಹುಪಾಲು ಆಲ್ಫಾ. ಒಂದು ರಾತ್ರಿ ಬಿಟ್ಟರೆ ಸಮತೋಲಕ್ಕೆ ಬರುತ್ತದೆ.

ಹೋಲಿಕೆಗೆ 40 ರೋಗಿಗಳ ಸ್ಯಾಂಪಲ್ ಬೇಕು, 50ರಿಂದ 400 ಮಿ.ಗ್ರಾಂ./ಡೆ.ಲೀ. ತನಕ ಹರಡಿರಬೇಕು. ಎಲ್ಲವೂ 90ರ ಸುತ್ತ ಇದ್ದರೆ ಆ ಹೋಲಿಕೆ ದಂಡ. ಪ್ಲಾಸ್ಮಾ ಬೇರ್ಪಡಿಸಿ ಎರಡೂ ವಿಧಾನಗಳಲ್ಲಿ ಬೆನ್ನುಬೆನ್ನಿಗೆ ಓದಬೇಕು. ರಕ್ತಕಣಗಳ ಜೊತೆ ಹಾಗೇ ಬಿಟ್ಟರೆ ಗಂಟೆಗೆ ಶೇ. 5ರಿಂದ 7 ಗ್ಲೂಕೋಸ್ ಕರಗಿಹೋಗುತ್ತದೆ. ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬ್ ಇದೆಯಲ್ಲ ಎಂದು ನಿಶ್ಚಿಂತೆಯಿಂದ ಕೂರುವವರೇ ಹೆಚ್ಚು. ಫ್ಲೋರೈಡ್ ತಡೆಯುವುದು ಗ್ಲೈಕಾಲಿಸಿಸ್‌ನ (ಕಣಗಳು ಗ್ಲೂಕೋಸನ್ನು ಒಡೆಯುವ ಹಂತಗಳ ಸರಣಿಯ) ಕೊನೆಯ ಭಾಗದ ಎನೊಲೇಸ್ ಕಿಣ್ವವನ್ನು, ಹಾಗಾಗಿ ಮೊದಲ ಒಂದೆರಡು ಗಂಟೆ ಸೋರಿಕೆ ನಿಲ್ಲುವುದಿಲ್ಲ.

ಎರಡು ವಿಧಾನಗಳ ಉತ್ತರಗಳು ಎಷ್ಟು ಜೊತೆಜೊತೆಗೆ ಏರಿಳಿಯುತ್ತವೆ ಎಂದು ಹೇಳುವ ಕೋರಿಲೇಷನ್ 0.99 ಬಂದಿತೆಂದು ಒಪ್ಪಿಬಿಡಬೇಡಿ. ಪ್ರತಿ ಉತ್ತರವೂ ಶೇ. 10 ಹೆಚ್ಚಿದ್ದರೂ ಅದು 0.99 ಬರುತ್ತದೆ. ಎರಡು ವಿಧಾನಗಳ ವ್ಯತ್ಯಾಸವನ್ನು ಗ್ಲೂಕೋಸ್ ಮಟ್ಟದ ಎದುರು ಗ್ರಾಫ್ ಹಾಕಿದರೆ ಕಳ್ಳ ಸಿಗುತ್ತಾನೆ: ಚುಕ್ಕೆಗಳು ಬಲಕ್ಕೆ ಹೋದಂತೆ ಮೇಲೇರುತ್ತಿದ್ದರೆ ಕ್ಯಾಲಿಬ್ರೇಷನ್ (ಅಳತೆಯ ಮಾಪನ ಹೊಂದಿಸುವ) ದೋಷ, ಒಂದೆರಡು ಮಾತ್ರ ಕೆಳಗೆ ಜಾರಿದ್ದರೆ ಆ ಸ್ಯಾಂಪಲ್‌ಗಳಲ್ಲೇ ಏನೋ ಇದೆ.

ಸಾಮಾನ್ಯವಾಗಿ ಅದು ವಿಟಮಿನ್ ಸಿ ಅಥವಾ ಕಾಮಾಲೆಯ ಬಿಲಿರುಬಿನ್. ಬಣ್ಣ ಕಟ್ಟಬೇಕಾದ ಪೆರಾಕ್ಸೈಡನ್ನು ಇವು ನಡುವೆಯೇ ತಿಂದುಹಾಕುತ್ತವೆ. ಖಚಿತಪಡಿಸಿಕೊಳ್ಳಲು ಒಂದೇ ಪ್ಲಾಸ್ಮಾವನ್ನು ಎರಡು ಪಾಲು ಮಾಡಿ, ಒಂದಕ್ಕೆ ಆಸ್ಕಾರ್ಬಿಕ್ ಆಮ್ಲದ ದ್ರಾವಣ, ಇನ್ನೊಂದಕ್ಕೆ ಅಷ್ಟೇ ನೀರು ಸೇರಿಸಿ. ನೀರು ಹಾಕುವುದನ್ನು ಬಿಟ್ಟರೆ ತೆಳುವಾದದ್ದರಿಂದ ಇಳಿದದ್ದೆಷ್ಟು, ಆಮ್ಲದಿಂದ ಇಳಿದದ್ದೆಷ್ಟು ಎಂಬುದೇ ತಿಳಿಯದು.