ಸಕ್ಕರೆ ಕಾಯಿಲೆಯ ಬೆಕ್ಕಿಗೆ ಹೊಟ್ಟೆ ಕೆಟ್ಟಾಗ: ಮೊದಲು ಶುಗರ್, ಆಮೇಲೆ ಮದ್ದು

ಆರೋಗ್ಯವಾಗಿರುವ ಬೆಕ್ಕು ಒಂದು ಸಲ ವಾಂತಿ ಮಾಡಿದರೆ ನೆಲ ಒರೆಸಿ ಸುಮ್ಮನಾಗಬಹುದು. ಇನ್ಸುಲಿನ್ ತೆಗೆದುಕೊಳ್ಳುವ ಬೆಕ್ಕಿನ ವಿಷಯದಲ್ಲಿ ಹಾಗಾಗುವುದಿಲ್ಲ. ಊಟ ಹೊಟ್ಟೆಯಲ್ಲಿ ನಿಲ್ಲದೆ ಇಂಜೆಕ್ಷನ್ ಮಾತ್ರ ಬಿದ್ದಿದ್ದರೆ ಕೆಲವೇ ಗಂಟೆಗಳಲ್ಲಿ ಶುಗರ್ ಅಪಾಯದ ಮಟ್ಟಕ್ಕೆ ಇಳಿಯಬಹುದು. ಅದಕ್ಕೆ ಹೆದರಿ ಇನ್ಸುಲಿನ್ ಪೂರ್ತಿ ನಿಲ್ಲಿಸಿದರೆ ಕೀಟೋನ್ (ಮೈ ಕೊಬ್ಬು ಕರಗಿಸುವಾಗ ರಕ್ತದಲ್ಲಿ ಸೇರುವ ಆಮ್ಲ) ಏರುತ್ತದೆ, ಅದೂ ಪ್ರಾಣಕ್ಕೇ ಕುತ್ತು. ಹಾಗಾಗಿ ಔಷಧಿಯ ಡಬ್ಬಕ್ಕೆ ಕೈ ಹಾಕುವ ಮೊದಲು ಮೂರು ಸಂಗತಿ ತಿಳಿದುಕೊಳ್ಳಿ: ಈಗ ಶುಗರ್ ಎಷ್ಟಿದೆ, ಕೊನೆಯ ಊಟದಲ್ಲಿ ಎಷ್ಟು ಒಳಗೆ ಉಳಿದಿದೆ, ಮೂತ್ರದಲ್ಲಿ ಕೀಟೋನ್ ಇದೆಯೇ.

ಶುಗರ್ ನೋಡಲು ಕಿವಿಯ ಅಂಚೇ ಒಳ್ಳೆಯ ಜಾಗ. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಅರ್ಧ ನಿಮಿಷ ಕಿವಿಗೆ ಹಿಡಿದು, ಚೆನ್ನಾಗಿ ಒರೆಸಿ, ವ್ಯಾಸಲೀನನ್ನು ತೆಳ್ಳಗೆ ಸವರಿ. ಆಗ ರಕ್ತ ಕೂದಲಿಗೆ ಹರಡದೆ ಹನಿಯಾಗಿ ನಿಲ್ಲುತ್ತದೆ. ಕಿವಿಯ ಹಿಂದೆ ಹತ್ತಿ ಹಿಡಿದು, ಅಂಚಿಗೂ ಅಲ್ಲಿ ಕಾಣುವ ರಕ್ತನಾಳಕ್ಕೂ ನಡುವೆ ಚುಚ್ಚಿ. ಮನುಷ್ಯರ ಗ್ಲೂಕೋಮೀಟರ್ ಬೆಕ್ಕಿನ ರಕ್ತದಲ್ಲಿ ಸಾಮಾನ್ಯವಾಗಿ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಹಾಗೆಂದು ಕಡಿಮೆ ಅಂಕಿಯನ್ನು ತಳ್ಳಿಹಾಕಬೇಡಿ. ಅಂಕಿ 70 ಎಂಜಿ/ಡಿಎಲ್‌ಗಿಂತ ಕೆಳಗೆ ಬಂದರೆ ಶುಗರ್ ಇಳಿದಿದೆ ಎಂದೇ ನಡೆದುಕೊಳ್ಳಿ. ಕೀಟೋನ್ ಪಟ್ಟಿ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ಬೆಕ್ಕು ಟ್ರೇಯಲ್ಲಿ ಕೂತಾಗ ಹಿಂದಿನಿಂದ ಒಂದು ಹಳೆಯ ಸೌಟು ಹಿಡಿದರೆ ಪರೀಕ್ಷೆಗೆ ಬೇಕಾದಷ್ಟು ಮೂತ್ರ ಸಿಗುತ್ತದೆ.

ಇನ್ನು ಇನ್ಸುಲಿನ್ ಎಷ್ಟು ಕೊಡುವುದು ಎಂಬ ಪ್ರಶ್ನೆ. ಊಟ ಬಿಟ್ಟ ದಿನ ಏನು ಮಾಡಬೇಕೆಂದು ನಿಮ್ಮ ಪಶುವೈದ್ಯರಿಂದ ಮೊದಲೇ ಬರೆಸಿಕೊಂಡು ಫ್ರಿಜ್ ಬಾಗಿಲಿಗೆ ಅಂಟಿಸಿಡಿ. ರಾತ್ರಿ ಹನ್ನೊಂದಕ್ಕೆ ಯೋಚಿಸಿ ತೀರ್ಮಾನಿಸುವ ವಿಷಯವಲ್ಲ ಇದು. ಸಾಮಾನ್ಯವಾಗಿ ವೈದ್ಯರು ಹೇಳುವುದು ಹೀಗೆ: ಪೂರ್ತಿ ತಿಂದು ಅರಗಿಸಿಕೊಂಡರೆ ಎಂದಿನ ಡೋಸ್, ಅರ್ಧ ತಿಂದರೆ ಅರ್ಧ ಡೋಸ್. ಏನೂ ತಿನ್ನದಿದ್ದರೆ, ಅಥವಾ ತಿಂದದ್ದನ್ನು ಕಕ್ಕಿದರೆ, ಶುಗರ್ ಅಂಕಿ ಹಿಡಿದುಕೊಂಡು ಅವರಿಗೇ ಫೋನ್ ಮಾಡಬೇಕು. ಹೊಟ್ಟೆ ಸರಿಯಿಲ್ಲದ ದಿನಗಳಲ್ಲಿ ಊಟ ಹಾಕಿ, 20-30 ನಿಮಿಷ ಕಾದು, ಒಳಗೆ ಉಳಿಯಿತೆಂದು ಖಾತ್ರಿಯಾದ ಮೇಲೆ ಇಂಜೆಕ್ಷನ್ ಕೊಡಿ. ಸರಿಯಾಗಿ ಬಿತ್ತೋ ಇಲ್ಲವೋ ಎಂಬ ಅನುಮಾನಕ್ಕೆ ಎರಡನೇ ಸಲ ಚುಚ್ಚಲೇಬೇಡಿ. ಒಂದು ಡೋಸ್ ತಪ್ಪಿದರೆ ಸರಿಪಡಿಸಬಹುದು, ಎರಡು ಬಿದ್ದರೆ ಕಷ್ಟ.

ನಮ್ಮ ದೇಶದಲ್ಲಿ ಇನ್ನೊಂದು ಅಪಾಯವಿದೆ. ಇಲ್ಲಿ ಮನುಷ್ಯರಿಗೆ ಎಂಎಲ್‌ಗೆ 40 ಯೂನಿಟ್‌ನ ಇನ್ಸುಲಿನ್ ಈಗಲೂ ಮಾರಾಟವಾಗುವುದರಿಂದ ಕೆಂಪು ಮುಚ್ಚಳದ ಸಿರಿಂಜ್ ಎಲ್ಲ ಕಡೆ ಸಿಗುತ್ತದೆ. ಬೆಕ್ಕುಗಳಿಗೆ ಹೆಚ್ಚಾಗಿ ಬಳಸುವ ಗ್ಲಾರ್ಜಿನ್ ಎಂಬ ಇನ್ಸುಲಿನ್ ಎಂಎಲ್‌ಗೆ 100 ಯೂನಿಟ್‌ನದು, ಅದಕ್ಕೆ ಬೇಕಾದದ್ದು ಕಿತ್ತಳೆ ಮುಚ್ಚಳದ ಸಿರಿಂಜ್. ಕೆಂಪು ಸಿರಿಂಜಿನಲ್ಲಿ 2ರ ಗೆರೆಗೆ ಎಳೆದ ಗ್ಲಾರ್ಜಿನ್ ಬೆಕ್ಕಿನ ಮೈ ಸೇರುವಾಗ 5 ಯೂನಿಟ್ ಆಗಿರುತ್ತದೆ. ಅರ್ಧ ಡೋಸ್ ಕೊಡುವಾಗ ಅರ್ಧ ಯೂನಿಟ್ ಗೆರೆಗಳಿರುವ 0.3 ಎಂಎಲ್ ಸಿರಿಂಜ್ ಇದ್ದರೆ ಕೈ ತಪ್ಪುವುದಿಲ್ಲ.

ವಾಂತಿ

ಇಂಜೆಕ್ಷನ್ ಆದ ಮೇಲೆ ವಾಂತಿಯಾದರೆ ಮುಂದಿನ 6-8 ಗಂಟೆ, ಗಂಟೆಗೊಮ್ಮೆ ಶುಗರ್ ನೋಡಿ. 70ರ ಕೆಳಗಿದ್ದು ಬೆಕ್ಕು ಎಚ್ಚರವಾಗಿದ್ದರೆ ಒಂದೆರಡು ಚಮಚ ಅದರ ಮಾಮೂಲಿ ಊಟ ಕೊಟ್ಟು, ಕಾಲು ಗಂಟೆ ಬಿಟ್ಟು ಮತ್ತೆ ನೋಡಿ. ಊಟ ಮುಟ್ಟದಿದ್ದರೆ, ಓಲಾಡಿದರೆ, ನಡುಗಿದರೆ, ಒಂದು ಚಹಾ ಚಮಚ ಜೇನುತುಪ್ಪವನ್ನು ಬೆರಳಿಂದ ವಸಡಿಗೆ ಸವರಿ ತಕ್ಷಣ ಆಸ್ಪತ್ರೆಗೆ ಹೊರಡಿ. ಸೆಳವು ಬಂದಿದ್ದರೆ ಬಾಯೊಳಗೆ ಏನನ್ನೂ ಸುರಿಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ.

ಒಮ್ಮೆ ಮಾತ್ರ ವಾಂತಿಯಾಗಿ, ಶುಗರ್ ಇಳಿದಿಲ್ಲ, ಬೆಕ್ಕು ಚುರುಕಾಗಿದೆ ಎಂದರೆ ಎರಡು ಮೂರು ಗಂಟೆ ಹೊಟ್ಟೆಗೆ ಬಿಡುವು ಕೊಡಿ. ಅದಕ್ಕಿಂತ ಹೆಚ್ಚು ಬೇಡ. "ಒಂದು ದಿನ ಉಪವಾಸ ಹಾಕಿ" ಎಂಬ ಸಲಹೆ ನಾಯಿಗೆ ಸರಿಹೋದೀತು. ಬೆಕ್ಕು, ಅದರಲ್ಲೂ ದಪ್ಪಗಿರುವ ಬೆಕ್ಕು, ಊಟವಿಲ್ಲದೆ ಉಳಿದರೆ ಮೈಯ ಕೊಬ್ಬೆಲ್ಲ ಪಿತ್ತಜನಕಾಂಗಕ್ಕೆ ಬಂದು ತುಂಬಿಕೊಂಡು ಕಾಮಾಲೆಗೆ ತಿರುಗುತ್ತದೆ. ಬಿಡುವಿನ ನಂತರ ಎರಡು ಗಂಟೆಗೊಮ್ಮೆ ಒಂದೊಂದು ಚಮಚ ಕೊಡಿ. ಉಪ್ಪು, ಮಸಾಲೆ, ಈರುಳ್ಳಿ, ಬೆಳ್ಳುಳ್ಳಿ ಇಲ್ಲದೆ ಬೇಯಿಸಿದ ಚರ್ಮರಹಿತ ಕೋಳಿ ಎದೆಮಾಂಸವನ್ನು ಅದರ ಬೆಂದ ನೀರಲ್ಲೇ ಕಿವುಚಿದರೆ ಸಾಕು. ಇದು ಒಂದೆರಡು ದಿನದ ಊಟ ಅಷ್ಟೆ.

ನಮ್ಮ ಮನೆಗಳಲ್ಲಿ ಹೊಟ್ಟೆ ಕೆಟ್ಟರೆ ಮೊದಲು ನೆನಪಾಗುವುದು ಮೊಸರನ್ನ. ಈ ಬೆಕ್ಕಿಗೆ ಅನ್ನ ಬೇಡ, ಹಾಲು ಬೇಡ, ಗ್ಲೂಕೋಸ್ ಇರುವ ಓಆರ್‌ಎಸ್ಸೂ ಬೇಡ. ಮೂರೂ ಶುಗರ್ ಏರಿಸುತ್ತವೆ, ಹಾಲು ಭೇದಿಯನ್ನೂ ಹೆಚ್ಚಿಸುತ್ತದೆ.

ವಾಂತಿ ವಾರಕ್ಕೆರಡು ಸಲ ಮರುಕಳಿಸುತ್ತಿದ್ದರೆ "ಕೂದಲುಂಡೆ ಇರಬೇಕು" ಎಂದುಕೊಂಡು ಬಿಡಬೇಡಿ. ಮೇದೋಜೀರಕ ಗ್ರಂಥಿಯ ಉರಿಯೂತ ಸಕ್ಕರೆ ಕಾಯಿಲೆಯ ಬೆಕ್ಕುಗಳಲ್ಲಿ ಬಹಳ ಸಾಮಾನ್ಯ, ಮತ್ತದು ಬೆಕ್ಕಿನಲ್ಲಿ ಸದ್ದಿಲ್ಲದೆ ಬರುತ್ತದೆ. ಬಟ್ಟಲ ಬಳಿ ಬಂದು ಮೂಸಿ ಹಿಂದೆ ಸರಿಯುವುದು, ತುಟಿ ನೆಕ್ಕಿಕೊಳ್ಳುವುದು, ಕಾಲು ಮಡಚಿ ಬೆನ್ನು ಗೂನು ಮಾಡಿ ಕೂರುವುದು, ಒಂದೇ ಡೋಸ್‌ಗೆ ಶುಗರ್ ಒಂದು ದಿನ ಏರಿ ಇನ್ನೊಂದು ದಿನ ಇಳಿಯುವುದು, ಇಷ್ಟೇ ಲಕ್ಷಣಗಳಿರಬಹುದು. ವೈದ್ಯರು ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಮಾಡಿ ನೋವಿಗೂ ವಾಕರಿಕೆಗೂ ಔಷಧಿ ಕೊಡುತ್ತಾರೆ. ಮನೆಯ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ.

ಮಲಬದ್ಧತೆ

ಶುಗರ್ ಹತೋಟಿಯಲ್ಲಿಲ್ಲದ ಬೆಕ್ಕು ಪದೇ ಪದೇ ಮೂತ್ರ ಮಾಡಿ ನೀರು ಕಳೆದುಕೊಳ್ಳುತ್ತದೆ. ಆ ನೀರನ್ನು ಕರುಳು ಮಲದಿಂದ ಹೀರುತ್ತದೆ, ಮಲ ಒಣಗಿ ಗಟ್ಟಿ ಹಿಕ್ಕೆಯಾಗುತ್ತದೆ. ಇಲ್ಲಿ ಮುಖ್ಯ ಮದ್ದು ನೀರೇ. ಒಣ ಕಾಳಿನ ಬದಲು ಹಸಿ ಆಹಾರ ಕೊಡಿ, ಪ್ರತಿ ಊಟಕ್ಕೂ ಎರಡು ಮೂರು ಚಮಚ ಬೆಚ್ಚಗಿನ ನೀರು ಕಲಸಿ. ಸಕ್ಕರೆ, ಸುವಾಸನೆ ಸೇರಿಸದ ಸಾದಾ ಇಸಬ್‌ಗೋಲನ್ನು ಕಾಲು ಚಹಾ ಚಮಚದಷ್ಟು ನೀರಲ್ಲಿ ಚೆನ್ನಾಗಿ ನೆನೆಸಿ ದಿನಕ್ಕೊಮ್ಮೆ ಊಟದಲ್ಲಿ ಬೆರೆಸಬಹುದು. ಆದರೆ ಬೆಕ್ಕಿನ ವಸಡು ಅಂಟಂಟಾಗಿದ್ದರೆ, ಹೆಗಲ ಚರ್ಮ ಎತ್ತಿ ಬಿಟ್ಟಾಗ ತಕ್ಷಣ ಕೂರದಿದ್ದರೆ ಇಸಬ್‌ಗೋಲ್ ಕೊಡಬೇಡಿ. ಮೈಯಲ್ಲಿ ನೀರಿಲ್ಲದಾಗ ನಾರು ಕರುಳಲ್ಲಿ ಇನ್ನಷ್ಟು ಗಟ್ಟಿಯಾಗಿ ಕೂರುತ್ತದೆ. ಮಲ ಸಡಿಲಿಸುವ ಲ್ಯಾಕ್ಟುಲೋಸ್ ಸಿರಪ್ಪಿನಲ್ಲಿ ಬೇರೆ ಸಕ್ಕರೆಗಳೂ ಬೆರೆತಿರುವುದರಿಂದ ವೈದ್ಯರು ಹೇಳದೆ ಬೇಡ. ಮನುಷ್ಯರ ಫಾಸ್ಫೇಟ್ ಎನಿಮಾ ಬೆಕ್ಕನ್ನು ಕೊಂದೇಬಿಡಬಹುದು.

ಗಂಡು ಬೆಕ್ಕು ಟ್ರೇಯಲ್ಲಿ ತಿಣುಕುತ್ತಿದ್ದರೆ ಮೊದಲು ಮೂತ್ರ ಬರುತ್ತಿದೆಯೇ ನೋಡಿ. ಮೂತ್ರನಾಳ ಕಟ್ಟಿಕೊಂಡಿದ್ದರೂ ನೋಟಕ್ಕೆ ಮಲಬದ್ಧತೆಯಂತೆಯೇ ಕಾಣುತ್ತದೆ, ಅದಕ್ಕೆ ಬೆಳಗಿನವರೆಗೆ ಕಾಯುವಂತಿಲ್ಲ.

ಭೇದಿ

ಹೆಚ್ಚಿನ ಸಲ ಕಾರಣ ಆಹಾರವನ್ನು ಒಮ್ಮೆಲೇ ಬದಲಿಸಿದ್ದು. ಹೊಸದನ್ನು ಕಾಲು ಭಾಗದಿಂದ ಶುರುಮಾಡಿ 7-10 ದಿನದಲ್ಲಿ ಪೂರ್ತಿ ಬದಲಿಸಬೇಕು. ಒಣ ಆಹಾರದಿಂದ ಕಡಿಮೆ ಪಿಷ್ಟದ ಹಸಿ ಆಹಾರಕ್ಕೆ ಹೋಗುವಾಗ ಇನ್ಸುಲಿನ್ ಅಗತ್ಯ ತಟ್ಟನೆ ಇಳಿಯಬಹುದು, ಆ ದಿನಗಳಲ್ಲಿ ಪ್ರತಿ ಇಂಜೆಕ್ಷನ್‌ಗೂ ಮೊದಲು ಶುಗರ್ ನೋಡಿ. ಹೊಟ್ಟೆ ಸರಿಪಡಿಸಲೆಂದು ಮಾರುವ ಕೆಲವು ವಿಶೇಷ ಆಹಾರಗಳಲ್ಲಿ ಪಿಷ್ಟ ಜಾಸ್ತಿ ಇರುತ್ತದೆ, ವೈದ್ಯರನ್ನು ಕೇಳದೆ ಕೊಳ್ಳಬೇಡಿ. ಭೇದಿಗೆಂದು ಮೆಟ್ರೋನಿಡಜೋಲ್ ಎಂಬ ಆಂಟಿಬಯಾಟಿಕನ್ನು ಅಂಗಡಿಯಿಂದ ತಂದು ಕೊಡುವ ರೂಢಿಯನ್ನೂ ಬಿಡಬೇಕು. ಮಲ ರಾಶಿಯಾಗಿ, ಜಿಡ್ಡಾಗಿ, ವಿಪರೀತ ನಾರುತ್ತಿದ್ದು, ತಿಂದರೂ ಮೈ ಸೊರಗುತ್ತಿದ್ದರೆ ಮೇದೋಜೀರಕದ ಕಿಣ್ವಗಳು ಸಾಲುತ್ತಿಲ್ಲದಿರಬಹುದು. ಅದಕ್ಕೆ ರಕ್ತ ಪರೀಕ್ಷೆಯಿದೆ. ಬಿ12 ಮಟ್ಟವನ್ನೂ ಆಗಲೇ ನೋಡಿಸಿ.

ಅಮೆರಿಕದಲ್ಲಿರುವವರು ಗಮನಿಸಬೇಕಾದ್ದು: ಅಲ್ಲಿ ಬೆಕ್ಕಿನ ಸಕ್ಕರೆ ಕಾಯಿಲೆಗೆ ಬಾಯಿಂದ ಕೊಡುವ ಎರಡು ಔಷಧಿಗಳಿಗೆ, 2022ರ ಡಿಸೆಂಬರ್‌ನಲ್ಲಿ ಬೆಕ್ಸಾಕ್ಯಾಟ್ ಮಾತ್ರೆಗೆ, 2023ರಲ್ಲಿ ಸೆನ್‌ವೆಲ್ಗೊ ದ್ರವಕ್ಕೆ, ಅನುಮತಿ ಸಿಕ್ಕಿದೆ. ಇವುಗಳಿಂದ ಭೇದಿಯಾಗುವುದುಂಟು. ಇವನ್ನು ತೆಗೆದುಕೊಳ್ಳುವ ಬೆಕ್ಕಿನಲ್ಲಿ ಶುಗರ್ ಸರಿಯಾಗಿದ್ದರೂ ಕೀಟೋನ್ ಏರಬಹುದು, ಹಾಗಾಗಿ ಊಟ ಬಿಟ್ಟರೆ ಮೀಟರನ್ನು ನಂಬಿ ಕೂರಬೇಡಿ.

ದಿನದಲ್ಲಿ ಮೂರು ಸಲ ವಾಂತಿ, 24 ಗಂಟೆ ಊಟವಿಲ್ಲ, 48 ಗಂಟೆ ಮಲವಿಲ್ಲ, ಅಷ್ಟೇ ಹೊತ್ತು ನಿಲ್ಲದ ಭೇದಿ, ಮಲದಲ್ಲಿ ರಕ್ತ ಅಥವಾ ಡಾಂಬರಿನಂಥ ಕಪ್ಪು, ಇವುಗಳಲ್ಲಿ ಯಾವುದೊಂದು ಕಂಡರೂ ಆಸ್ಪತ್ರೆಗೆ ಒಯ್ಯಿರಿ. ಊಟ ಬಿಟ್ಟ ಅಥವಾ ವಾಂತಿ ಮಾಡುತ್ತಿರುವ ಬೆಕ್ಕಿನ ಮೂತ್ರದಲ್ಲಿ ಕೀಟೋನ್ ಕಂಡರೆ ಆ ಗಂಟೆಯಲ್ಲೇ ಹೊರಡಬೇಕು. ಹೋಗುವಾಗ ಇನ್ಸುಲಿನ್ ಬಾಟಲಿ, ಬಳಸುತ್ತಿರುವ ಸಿರಿಂಜ್, ಕೊನೆಯ ಮೂರು ದಿನದ ಶುಗರ್ ಮತ್ತು ಡೋಸ್ ಬರೆದ ಚೀಟಿ, ವಾಂತಿಯ ಫೋಟೊ ಜೊತೆಗಿರಲಿ.