ಮಳೆ ಲೆಕ್ಕದ ಪುಟದಿಂದ ಒಂದು ಕಾರ್ಡು

ಸುಂಟಿಕೊಪ್ಪದ ಹತ್ತಿರ ಒಂದು ಕಾಫಿ ತೋಟದಲ್ಲಿ ನಾನು 31 ವರ್ಷ ರೈಟರ್ ಆಗಿದ್ದೆ. ಬೆಳಿಗ್ಗೆ ಹಾಜರಿ, ಸಂಜೆ ಚೆಕ್‌ರೋಲ್ (ಕೆಲಸಗಾರರ ಹೆಸರು, ಕೂಲಿ ಬರೆಯುವ ಪುಸ್ತಕ), ಕೊಯ್ಲಿನ ಕಾಲದಲ್ಲಿ ಮೂಟೆಗಳ ಲೆಕ್ಕ. ದಿನಾ ಬೆಳಿಗ್ಗೆ ಮಳೆ ಅಳೆದು ಬರೆಯುವುದೂ ನನ್ನದೇ ಕೆಲಸ. ನಮ್ಮ ಕಡೆ ಮಳೆಯನ್ನು ಇಂಚು, ಸೆಂಟಿನಲ್ಲಿ ಹೇಳುತ್ತಾರೆ. 100 ಸೆಂಟು ಸೇರಿದರೆ ಒಂದು ಇಂಚು. ಆಫೀಸಿನ ಪುಸ್ತಕಕ್ಕೆ ಬರೆದ ಮೇಲೆ ನನ್ನ ಸ್ವಂತ ನೋಟ್‌ಬುಕ್ಕಿಗೂ ಒಂದು ಸಾಲು ಬರೆದುಕೊಳ್ಳುತ್ತಿದ್ದೆ. ಆ ನೋಟ್‌ಬುಕ್ಕುಗಳೇ ಈಗ ನಾನು ಕೈಯಾರೆ ಮಾಡುವ ಶುಭಾಶಯ ಕಾರ್ಡುಗಳ ಬಂಡವಾಳ.

ಮೊಮ್ಮಗಳ ಮೊದಲ ಹುಟ್ಟುಹಬ್ಬಕ್ಕೆ ಏನು ಕೊಡೋದು ಅಂತ ಯೋಚಿಸುತ್ತಾ ಕೂತಿದ್ದಾಗ ಇದು ಶುರುವಾಯಿತು. ಅವಳು ಹುಟ್ಟಿದ್ದು ಜುಲೈನಲ್ಲಿ. ಪುಸ್ತಕ ತೆಗೆದು ನೋಡಿದೆ: ಆ ದಿನ 4 ಇಂಚು 15 ಸೆಂಟು. ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಜೀಪಿನ ವೈಪರ್ ಸಾಕಾಗದೆ ನಿಂತು ನಿಂತು ಹೋಗಿದ್ದು ನೆನಪಾಯಿತು. ಆ ಪುಟದಿಂದಲೇ ಕಾರ್ಡು ಮಾಡಿದೆ. ಈಗ ನೆಂಟರು, ಅಕ್ಕಪಕ್ಕದವರು ಕೇಳುತ್ತಾರೆ, "ನನ್ನ ಮಗ ಹುಟ್ಟಿದ ದಿನ ಎಷ್ಟು ಮಳೆ ರೈಟ್ರೇ?" ಅಂತ.

ನಿಮ್ಮ ಮನೆಯಲ್ಲಿ ಮಳೆ ಲೆಕ್ಕ ಇಲ್ಲದಿರಬಹುದು. ಅಜ್ಜಿಯ ಹಾಲಿನ ಲೆಕ್ಕ, ಅಪ್ಪ ಬರೆದ ಪತ್ರ, ಶಾಲೆಯ ಕಾಪಿ ಪುಸ್ತಕ, ಯಾವುದಾದರೂ ನಡೆಯುತ್ತದೆ. ಕೈಬರಹ ಇರಬೇಕು, ಅಷ್ಟೇ. ಆದರೆ ಬೇರೆಯವರ ಹೆಸರು, ಕೂಲಿ ಇರುವ ಕಾಗದ ಬೇಡ. ಚೆಕ್‌ರೋಲಿನ ಹಾಳೆ ಎಷ್ಟೇ ಚೆಂದ ಕಂಡರೂ ನಾನು ಮುಟ್ಟುವುದಿಲ್ಲ. ಅದರಲ್ಲಿರುವುದು ಅವರ ದುಡಿಮೆ, ನನ್ನ ಅಲಂಕಾರಕ್ಕೆ ಇಟ್ಟದ್ದಲ್ಲ.

ಒಂದೇ ಕಾಗದದ ಮೇಲೆ ಬಣ್ಣ, ಅಂಟು, ಹಳೆ ಬರಹ, ಎಲೆಯ ಅಚ್ಚು, ದಾರ ಎಲ್ಲವನ್ನೂ ಪದರ ಪದರವಾಗಿ ಸೇರಿಸುವುದಕ್ಕೆ ಮಿಕ್ಸೆಡ್ ಮೀಡಿಯಾ ಅನ್ನುತ್ತಾರೆ. ಇದರಲ್ಲಿ ಅಂಟಿಸುವುದು ಸುಲಭ, ಒಣಗಿಸುವುದು ಕಷ್ಟ. ಕೊಡಗಿನಲ್ಲಂತೂ ಅದೇ ಮುಖ್ಯ ಕೆಲಸ. ಕಣದಲ್ಲಿ ಕಾಫಿ ಒಣಗಿಸಿದವರಿಗೆ ಇದು ಗೊತ್ತು. ಚೆರ್ರಿ, ಅಂದರೆ ಕಾಫಿ ಹಣ್ಣು, ಮೇಲೆ ಕಪ್ಪಾಗಿ ಒಣಗಿದ ಹಾಗೆ ಕಾಣುತ್ತದೆ, ಒಳಗೆ ಹಸಿ ಇರುತ್ತದೆ. ಕಿವಿಯ ಹತ್ತಿರ ಅಲ್ಲಾಡಿಸಿದಾಗ ಗಲಗಲ ಅಂದರೆ ಮಾತ್ರ ಮೂಟೆಗೆ. ಕಾಗದಕ್ಕೂ ಅಂಥದ್ದೇ ಒಂದು ಪರೀಕ್ಷೆ ಇದೆ. ಕೆನ್ನೆಗೆ ಒತ್ತಿ ನೋಡಿ. ತಣ್ಣಗೆ ಅನ್ನಿಸಿದರೆ ಇನ್ನೂ ನೀರು ಆರುತ್ತಿದೆ ಅಂತ ಅರ್ಥ. ಆಗ ಮುಂದಿನ ಪದರ ಹಾಕಬೇಡಿ.

ನಾನು ಇದನ್ನು ಕಲಿತದ್ದು ನಷ್ಟದಿಂದ. ಎರಡನೇ ವರ್ಷ ಆಗಸ್ಟಿನಲ್ಲಿ 20 ಕಾರ್ಡು ಮಾಡಿ, ಮೇಲೆ ಮುಟ್ಟಿ ನೋಡಿ, ಸರಿ ಇದೆ ಅಂತ ಟಿನ್ನಿಗೆ ಹಾಕಿಟ್ಟೆ. ಕೊಡಗಿನ ಸುಗ್ಗಿ ಹಬ್ಬ ಹುತ್ತರಿಗೆ ಕೊಡೋಣ ಅಂತ ತೆಗೆದರೆ 13ಕ್ಕೆ ಬೂಷ್ಟು ಹಿಡಿದಿತ್ತು. ಹಸಿರು ಚುಕ್ಕೆ, ಮುಗ್ಗಲು ವಾಸನೆ. ಒರೆಸಿದರೂ ಹೋಗಲಿಲ್ಲ, ಒಲೆಗೆ ಹಾಕಬೇಕಾಯಿತು. ಆಮೇಲೆ ನೀರಿನ ಕೆಲಸವನ್ನೆಲ್ಲ ಡಿಸೆಂಬರಿನಿಂದ ಏಪ್ರಿಲ್ ಒಳಗೇ ಮುಗಿಸುತ್ತೇನೆ. ಮಳೆಗಾಲದಲ್ಲಿ ಕತ್ತರಿಸುವುದು, ಹೊಲಿಯುವುದು, ದಾರ ಕಟ್ಟುವುದು ಮಾತ್ರ.

ತಳದ ಕಾಗದ

300 ಜಿ.ಎಸ್.ಎಂ. ಡ್ರಾಯಿಂಗ್ ಹಾಳೆ ತಗೊಳ್ಳಿ. ಜಿ.ಎಸ್.ಎಂ. ಅಂದರೆ ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ. 16 ಎ4 ಹಾಳೆ ಸೇರಿದರೆ ಒಂದು ಚದರ ಮೀಟರ್. ಹಾಗಾಗಿ 300 ಜಿ.ಎಸ್.ಎಂ.ನ ಒಂದು ಎ4 ಹಾಳೆ ಸುಮಾರು 19 ಗ್ರಾಂ. ಅದನ್ನು ಎರಡು ಮಾಡಿ ಮಡಚಿದರೆ ಎರಡು ಕಾರ್ಡು ಆಗುತ್ತವೆ, ಒಂದೊಂದು ಒಂಬತ್ತೂವರೆ ಗ್ರಾಂ ಹತ್ತಿರ. ಅಂಚೆಗೆ ಹಾಕುವಾಗ ಈ ಲೆಕ್ಕ ಬೇಕಾಗುತ್ತದೆ. 200ಕ್ಕಿಂತ ತೆಳು ಕಾಗದ ಬೇಡ, ಒದ್ದೆಯಾದರೆ ಹಪ್ಪಳದ ಹಾಗೆ ಸುರುಳುತ್ತದೆ.

ಮಡಚುವ ಮೊದಲು ಕಾಗದದ ನಾರು ಯಾವ ಕಡೆ ಓಡುತ್ತಿದೆ ನೋಡಿ. ಹಾಳೆಯನ್ನು ಉದ್ದಕ್ಕೆ ಒಮ್ಮೆ, ಅಡ್ಡಕ್ಕೆ ಒಮ್ಮೆ ಮೆಲ್ಲಗೆ ಬಗ್ಗಿಸಿ. ಯಾವ ಕಡೆ ಸುಲಭವಾಗಿ ಬಗ್ಗುತ್ತದೋ ಆ ಕಡೆಗೇ ಮಡಿಕೆ ಬರಬೇಕು. ನಾರಿಗೆ ಅಡ್ಡಲಾಗಿ ಮಡಚಿದರೆ ಬೆನ್ನು ಸಿಬಿರು ಸಿಬಿರಾಗಿ ಒಡೆಯುತ್ತದೆ. ಇಂಕು ಮುಗಿದ ಬಾಲ್ ಪೆನ್ನಿನಿಂದ ಸ್ಕೇಲ್ ಇಟ್ಟು ಗೆರೆ ಒತ್ತಿ. ಆದರೆ ಈಗಲೇ ಮಡಚಬೇಡಿ. ಪದರಗಳೆಲ್ಲ ಒಣಗಿದ ಮೇಲೆ ಮಡಚಿದರಾಯಿತು.

ಕಾಫಿ ಬಣ್ಣ

ಡಿಕಾಕ್ಷನ್ ಇಳಿಸಿದ ಮೇಲೆ ಉಳಿದ ಚರಟಕ್ಕೆ ಅರ್ಧ ಲೋಟ ಕುದಿಯುವ ನೀರು ಹಾಕಿ ಹತ್ತು ನಿಮಿಷ ಬಿಡಿ. ಸೋಸಿ, ತಣಿಸಿ, ಅಗಲ ಬ್ರಶ್ಶಿನಿಂದ ಹಾಳೆಯ ಎರಡೂ ಬದಿಗೆ ಹಚ್ಚಿ. ಒಂದೇ ಬದಿಗೆ ಹಚ್ಚಿದರೆ ಆ ಬದಿ ಮಾತ್ರ ಹಿಗ್ಗಿ ಹಾಳೆ ವಕ್ರವಾಗುತ್ತದೆ. ಇನ್ನೂ ಒದ್ದೆ ಇರುವಾಗಲೇ ಒಂದು ಚಿಟಿಕೆ ಚರಟ ಉದುರಿಸಿ ಹಾಗೇ ಬಿಡಿ. ಒಣಗಿದ ಮೇಲೆ ಕೊಡವಿದರೆ ಅಲ್ಲಲ್ಲಿ ಕಂದು ಚುಕ್ಕೆಗಳು ಉಳಿದಿರುತ್ತವೆ. ಹಳೆಯ ಗೋಡೌನಿನ ಗೋಡೆಯ ಹಾಗೆ ಕಾಣುತ್ತದೆ, ನನಗೆ ಅದು ತುಂಬಾ ಇಷ್ಟ. ಬೇಕಾದರೆ ಮತ್ತೊಂದು ಕೈ ಹಚ್ಚಿ, ಬಣ್ಣ ಗಾಢವಾಗುತ್ತದೆ. ಸಕ್ಕರೆ ಬಿದ್ದ ಕಾಫಿ ಮಾತ್ರ ಬೇಡ, ಇರುವೆ ಬರುತ್ತದೆ.

ಕಾಫಿಯಲ್ಲಿ ಹುಳಿಯ ಅಂಶ ಇರುತ್ತದೆ. ಹಾಗಾಗಿ ಕಾಫಿ ಬಳಿದ ಕಾಗದಕ್ಕೆ ಮನೆಯ ಹಳೆ ಫೋಟೋವನ್ನು ನೇರವಾಗಿ ಅಂಟಿಸಬೇಡಿ. ಫೋಟೋದ ಪ್ರತಿ ತೆಗೆಸಿ ಅಂಟಿಸಿ.

ನೆರಳಲ್ಲಿ ಹಗ್ಗಕ್ಕೆ ಕ್ಲಿಪ್ ಹಾಕಿ ಒಣಗಿಸಿ. ಒಲೆಯ ಮೇಲಿನ ಅಟ್ಟ ಬೇಗ ಒಣಗಿಸುತ್ತದೆ ನಿಜ, ಆದರೆ ಹೊಗೆ ವಾಸನೆ ಹಿಡಿಯುತ್ತದೆ. ಮುಕ್ಕಾಲು ಒಣಗಿದಾಗ ಬಟರ್ ಪೇಪರ್ ನಡುವೆ ಇಟ್ಟು ಮೇಲೆ ಭಾರ ಹೇರಿ. ಒಂದು ರಾತ್ರಿಗೆ ಹಾಳೆ ಸಮ ಆಗುತ್ತದೆ.

ಬರಹದ ಪದರ

ಮೂಲ ಪುಟವನ್ನು ಕತ್ತರಿಸಬೇಡಿ. ಜೆರಾಕ್ಸ್ ಮಾಡಿಸಿ. ನಾನು ಮೊದಲ ಸಲ ಮೂಲ ಪುಟಕ್ಕೇ ಅಂಟು ಹಚ್ಚಿದೆ. ಫೌಂಟನ್ ಪೆನ್ನಿನ ಇಂಕು, ನೀರು ತಾಗಿದ ತಕ್ಷಣ ಇಡೀ ಜೂನ್ ತಿಂಗಳು ನೀಲಿ ನೀರಾಗಿ ಹರಿದುಹೋಯಿತು. ಆ ವರ್ಷದ ಜೂನ್ ಈಗ ನನ್ನ ಹತ್ತಿರ ಇಲ್ಲ. ಜೆರಾಕ್ಸ್ ಮೆಷಿನ್ನಿನ ಪುಡಿ ಕಾಗದಕ್ಕೆ ಕರಗಿ ಅಂಟಿರುತ್ತದೆ, ನೀರಿಗೆ ಬಿಡುವುದಿಲ್ಲ. ಮನೆಯ ಇಂಕ್‌ಜೆಟ್ ಪ್ರಿಂಟರಿನದು ಹೆಚ್ಚಾಗಿ ಬಿಡುತ್ತದೆ.

ಪ್ರತಿಯನ್ನು ಕತ್ತರಿಯಿಂದ ಕತ್ತರಿಸದೆ ಕೈಯಲ್ಲೇ ಹರಿಯಿರಿ. ಹರಿದ ಅಂಚು ತಳದ ಕಾಗದದೊಂದಿಗೆ ಬೆರೆಯುತ್ತದೆ, ಕತ್ತರಿಸಿದ ಅಂಚು ಚೀಟಿ ಅಂಟಿಸಿದ ಹಾಗೆ ಎದ್ದು ಕಾಣುತ್ತದೆ. ಎರಡು ಭಾಗ ಫೆವಿಕಾಲಿಗೆ ಒಂದು ಭಾಗ ನೀರು ಬೆರೆಸಿ ತಳಕ್ಕೆ ತೆಳುವಾಗಿ ಹಚ್ಚಿ, ಚೂರನ್ನು ಇಟ್ಟು, ನಡುವಿನಿಂದ ಅಂಚಿನ ಕಡೆಗೆ ಹಳೆಯ ಎಟಿಎಂ ಕಾರ್ಡಿನಿಂದ ಸವರಿ. ಮೇಲೂ ಒಂದು ತೆಳು ಕೈ. ಗುಳ್ಳೆ ಎದ್ದರೆ ಸೂಜಿಯಿಂದ ಚುಚ್ಚಿ ಒತ್ತಿ. ಅವಸರಕ್ಕೆ ಹೇರ್ ಡ್ರೈಯರ್ ಹತ್ತಿರ ಹಿಡಿದರೆ ಅಂಟು ಉಬ್ಬುತ್ತದೆ. ಕಾಯಿರಿ. ಜನವರಿಯಲ್ಲಿ ಮಧ್ಯಾಹ್ನದ ಊಟ ಮುಗಿಸಿ ಬರುವಷ್ಟರಲ್ಲಿ ಒಣಗಿರುತ್ತದೆ.

ಎಲೆಯ ಅಚ್ಚು

ಇದು ನನ್ನ ಅತಿ ಇಷ್ಟದ ಭಾಗ. ತೋಟದ ತುಂಬಾ ಸಿಲ್ವರ್ ಓಕ್ ಇದೆ. ಅದರ ಎಲೆ ಜರಿಗಿಡದ ಹಾಗೆ ಸೀಳು ಸೀಳಾಗಿರುತ್ತದೆ, ಬೆನ್ನು ಬೆಳ್ಳಿ ಬಣ್ಣ. ನೆಲಕ್ಕೆ ಬಿದ್ದು ಗರಿಗರಿಯಾದದ್ದು ಪುಡಿಯಾಗುತ್ತದೆ. ಕೊಂಬೆಯಿಂದ ಒಂದೆರಡು ಹಸಿ ಎಲೆ ತಂದು ದಪ್ಪ ಪುಸ್ತಕದಲ್ಲಿ ಎರಡು ದಿನ ಇಡಿ. ಚಪ್ಪಟೆ ಆಗಬೇಕು, ಒಣಗಬಾರದು. ಸ್ಪಂಜಿನ ತುಂಡಿನಿಂದ ಎಲೆಯ ಬೆನ್ನಿಗೆ ಅಕ್ರಿಲಿಕ್ ಬಣ್ಣ ತಟ್ಟಿ, ಕಾಗದದ ಮೇಲೆ ಮಗುಚಿ ಇಟ್ಟು, ಮೇಲೆ ಪೇಪರ್ ಮುಚ್ಚಿ ಚಮಚದ ಬೆನ್ನಿನಿಂದ ಉಜ್ಜಿ. ಎಲೆ ಜಾರದ ಹಾಗೆ ಒಂದು ಬೆರಳು ಒತ್ತಿ ಹಿಡಿದಿರಿ. ಮೊದಲ ಅಚ್ಚು ಮುದ್ದೆ ಬರುತ್ತದೆ. ಮತ್ತೆ ಬಣ್ಣ ಹಚ್ಚದೆ ಒತ್ತಿದ ಎರಡನೇ ಅಚ್ಚಿನಲ್ಲಿ ನರ ನರವೂ ಕಾಣುತ್ತದೆ. ನಾನು ಮೊದಲನೆಯದನ್ನು ರದ್ದಿಗೆ ಒತ್ತಿ, ಎರಡನೆಯದನ್ನು ಕಾರ್ಡಿಗೆ ಒತ್ತುತ್ತೇನೆ.

ಬರೆಯ (ಕಡಿದಾದ ಮಣ್ಣಿನ ದಿಣ್ಣೆಯ) ಅಂಚಿನಲ್ಲಿ ಬೆಳೆಯುವ ಒಂದು ಜರಿಗಿಡ ಇದೆ, ಎಲೆಯ ಬೆನ್ನಿನಲ್ಲಿ ಬಿಳಿ ಪುಡಿ ಇರುತ್ತದೆ. ಚಿಕ್ಕವರಿದ್ದಾಗ ಕೈಗೆ ಒತ್ತಿ ಬಿಳಿ ಅಚ್ಚು ಮಾಡಿಕೊಳ್ಳುತ್ತಿದ್ದೆವು ಅಲ್ವಾ, ಅದೇ. ಅದಕ್ಕೆ ಬಣ್ಣವೇ ಬೇಡ. ಕಪ್ಪು ಕಾರ್ಡಿನ ಮೇಲೆ ಇಟ್ಟು ಅಂಗೈಯಿಂದ ಒಮ್ಮೆ ಬಲವಾಗಿ ಒತ್ತಿ ತೆಗೆಯಿರಿ. ಪುಡಿ ಅಳಿಸಿ ಹೋಗದ ಹಾಗೆ ಒಂದು ಅಡಿ ದೂರದಿಂದ ಹೇರ್ ಸ್ಪ್ರೇ ಹೊಡೆಯಿರಿ. ಬ್ರಶ್ ಮುಟ್ಟಿಸಿದರೆ ಕೆಟ್ಟಿತು.

ಕೊಡಗಿನಲ್ಲಿ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಬೇಯಿಸಿ ಅಡುಗೆಗೆ ಬಳಸುವ ಮದ್ದು ಸೊಪ್ಪಿನ ನೇರಳೆ ನೀರನ್ನೂ ಬಳಸಿ ನೋಡಿದೆ. ಹಚ್ಚಿದ ದಿನ ಅದರ ಮುಂದೆ ಯಾವ ಅಂಗಡಿ ಬಣ್ಣವೂ ನಿಲ್ಲುವುದಿಲ್ಲ. ಕಿಟಕಿಯ ಹತ್ತಿರ ಇಟ್ಟ ಕಾರ್ಡು ಮಾತ್ರ ಮೂರು ತಿಂಗಳಲ್ಲಿ ಮಾಸಿತು. ಕಾರ್ಡಿನ ಒಳಬದಿಗೆ, ಬೆಳಕು ಬೀಳದ ಕಡೆಗೆ ಹಚ್ಚಿ.

ಉಬ್ಬು ಹಣ್ಣು

ಹಳೆಯ ಎಕ್ಸ್‌ರೇ ಫಿಲ್ಮಿಗೆ ಆಫೀಸಿನ ಪಂಚಿಂಗ್ ಮೆಷಿನ್ನಿನಿಂದ ಒತ್ತೊತ್ತಾಗಿ ತೂತು ಹಾಕಿ. ತೂತು ಸುಮಾರು 6 ಮಿಲಿಮೀಟರ್ ಇರುತ್ತದೆ, ಒಂದು ಗೊಂಚಲು ಕಾಫಿ ಹಣ್ಣಿಗೆ ಸರಿಯಾದ ಅಳತೆ. ಮೂರು ಚಮಚ ಟಾಲ್ಕಂ ಪೌಡರ್, ಎರಡು ಚಮಚ ಬಿಳಿ ಅಕ್ರಿಲಿಕ್, ಒಂದು ಚಮಚ ಫೆವಿಕಾಲ್ ಕಲಸಿ. ಚಮಚ ಮಗುಚಿದರೂ ಬೀಳಬಾರದು, ಅಷ್ಟು ಗಟ್ಟಿ. ಫಿಲ್ಮನ್ನು ಕಾಗದದ ಮೇಲೆ ಟೇಪಿನಿಂದ ಹಿಡಿಸಿ, ಕಲಸಿದ್ದನ್ನು ತೂತುಗಳ ಮೇಲೆ ಎಟಿಎಂ ಕಾರ್ಡಿನಿಂದ ಎಳೆದು, ಫಿಲ್ಮನ್ನು ನೇರವಾಗಿ ಮೇಲಕ್ಕೆ ಎತ್ತಿ. ಫಿಲ್ಮನ್ನು ತಕ್ಷಣ ತೊಳೆಯಿರಿ. ಹಣ್ಣುಗಳು ಪೂರ್ತಿ ಒಣಗಲು ಒಂದು ದಿನ ಕೊಡಿ, ಆಮೇಲೆ ಕೆಂಪು ಹಚ್ಚಿ. ಎಲ್ಲವನ್ನೂ ಕೆಂಪು ಮಾಡಬೇಡಿ. ಗೊಂಚಲಿನಲ್ಲಿ ಎಲ್ಲ ಹಣ್ಣೂ ಒಟ್ಟಿಗೆ ಹಣ್ಣಾಗುವುದಿಲ್ಲ. ಒಂದೆರಡು ಹಸಿರು, ಒಂದು ಹಳದಿ ಇದ್ದರೆ ನೋಡಿದವರಿಗೆ ಅದು ಕಾಫಿ ಅಂತ ಗೊತ್ತಾಗುತ್ತದೆ.

ಟ್ಯಾಗು

ಕರಿಮೆಣಸು, ಜೇನು, ಕಾಫಿ ಪುಡಿ ಕೊಡುವಾಗ ಕಟ್ಟುವುದಕ್ಕೆ. ಎ4 ಹಾಳೆಯಲ್ಲಿ 5 ಸೆಂಟಿಮೀಟರ್ ಅಗಲ, 9.5 ಉದ್ದದ 12 ಟ್ಯಾಗು ಬರುತ್ತವೆ. ಮೇಲಿನ ಎರಡು ಮೂಲೆಯನ್ನು ಓರೆಯಾಗಿ ಕತ್ತರಿಸಿ. ತೂತಿನ ಜಾಗಕ್ಕೆ ಮುಂದೆ ಹಿಂದೆ ಎರಡೂ ಕಡೆ ಒಂದೊಂದು ಗುಂಡು ಚೂರು ಅಂಟಿಸಿ, ಒಣಗಿದ ಮೇಲೆ ದಬ್ಬಣದಿಂದ ಚುಚ್ಚಿ. ಮೂಟೆ ಹೊಲಿಯುವ ದಬ್ಬಣಕ್ಕಿಂತ ಒಳ್ಳೆಯ ಸಾಮಾನು ನನಗೆ ಇನ್ನೂ ಸಿಕ್ಕಿಲ್ಲ. ಗೋಣಿ ಹುರಿಯನ್ನು ಎರಡು ಮಡಿಕೆ ಮಾಡಿ ಕುಣಿಕೆಯನ್ನು ತೂತಿನಲ್ಲಿ ತೂರಿಸಿ, ತುದಿಗಳನ್ನು ಆ ಕುಣಿಕೆಯೊಳಗೆ ಎಳೆದರೆ ಗಂಟೇ ಬೇಡ.

ಜೇನಿನ ಬಾಟಲಿಗೆ ಕಟ್ಟುವ ಟ್ಯಾಗು ಅಂಟು ಕೈ, ಒದ್ದೆ ಕೈ ಎಲ್ಲ ತಡೆಯಬೇಕು. ಅದಕ್ಕೆ ಜೇನು ಮೇಣವನ್ನು ಎರಡೂ ಬದಿಗೆ ಉಜ್ಜಿ, ಬಟರ್ ಪೇಪರ್ ಮುಚ್ಚಿ ಸಣ್ಣ ಬಿಸಿಯ ಇಸ್ತ್ರಿ ಒಮ್ಮೆ ಆಡಿಸಿ. ಮೇಣ ಕಾಗದದೊಳಗೆ ಇಳಿಯುತ್ತದೆ. ಹೆಸರು, ತಾರೀಕು ಎಲ್ಲ ಮೊದಲೇ ಬರೆದಿರಬೇಕು, ಮೇಣದ ಮೇಲೆ ಪೆನ್ನೂ ಹಿಡಿಯುವುದಿಲ್ಲ, ಅಂಟೂ ಹಿಡಿಯುವುದಿಲ್ಲ. ಉಬ್ಬು ಹಣ್ಣಿನ ಟ್ಯಾಗಿಗೆ ಇಸ್ತ್ರಿ ಬೇಡ.

ಮಳೆಗಾಲದಲ್ಲಿ ಇಡುವ ಬಗೆ

ಬಿಸ್ಕತ್ತಿನ ಟಿನ್ನು, ಕಾರ್ಡು ಕಾರ್ಡಿನ ನಡುವೆ ಬಟರ್ ಪೇಪರ್. ಅಕ್ರಿಲಿಕ್ ಬಣ್ಣ ಒಂದಕ್ಕೊಂದು ತಾಗಿದರೆ ಅಂಟಿಕೊಳ್ಳುತ್ತದೆ. ಒಂದು ಹಿಡಿ ಅಕ್ಕಿಯನ್ನು ಬಾಣಲೆಯಲ್ಲಿ ಹುರಿದು, ಆರಿಸಿ, ಬಟ್ಟೆಯಲ್ಲಿ ಕಟ್ಟಿ ಟಿನ್ನಿನ ಮೂಲೆಗೆ ಇಡಿ. ಅಕ್ಕಿ ತೇವ ಎಳೆದುಕೊಳ್ಳುತ್ತದೆ. ಹದಿನೈದು ದಿನಕ್ಕೊಮ್ಮೆ ಮತ್ತೆ ಹುರಿಯಬೇಕು. ಇದು ನನ್ನಾಕೆ ಹೇಳಿಕೊಟ್ಟದ್ದು. ಅವಳು ಉಪ್ಪಿನ ಡಬ್ಬಿಗೂ ಹೀಗೇ ಮಾಡುತ್ತಾಳೆ.

ಅಂಚೆಗೆ ಹಾಕುವಾಗ ಉಬ್ಬು ಹಣ್ಣಿನ ಮೇಲೆ ಒಂದು ದಪ್ಪ ರಟ್ಟು ಇಟ್ಟು ಕವರಿಗೆ ಹಾಕಿ. ಒಳಗಿನ ಮಾತನ್ನು ಬಾಲ್ ಪೆನ್ನಿನಲ್ಲಿ ಬರೆಯಿರಿ. ದಾರಿಯಲ್ಲಿ ಒದ್ದೆಯಾದರೂ ಓದಬಹುದು. ಮುಂದೆ ಅವರು ಹುಟ್ಟಿದ ದಿನದ ಮಳೆ ಇದ್ದರೆ, ಹಿಂದೆ ಕೆಳಗಿನ ಮೂಲೆಯಲ್ಲಿ ನಾನು ಪೆನ್ಸಿಲಿನಲ್ಲಿ ಕಾರ್ಡು ಮಾಡಿದ ದಿನದ ಮಳೆ ಬರೆಯುತ್ತೇನೆ. ಈ ವಾರ ಆರು ಕಾರ್ಡು ಮುಗಿದವು. ಐದರ ಹಿಂದೆ "ಮಳೆ ಇಲ್ಲ". ಆರನೆಯದು ನಿನ್ನೆಯದು, ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಬಿದ್ದ ದಿನ: 1 ಇಂಚು 10 ಸೆಂಟು.