ಇಂಧನಕ್ಕೆ ಹೋಗುವ ಗೋವಿನಜೋಳ: ನನ್ನ ಹೊಲದ ಲೆಕ್ಕ

ಹಾವೇರಿ ಜಿಲ್ಲೆಯ ಗೋವಿನಜೋಳ ಮೊದಲು ಹೆಚ್ಚಾಗಿ ಕೋಳಿ ಆಹಾರಕ್ಕೆ ಹೋಗುತ್ತಿತ್ತು, ಈಗ ಎಥೆನಾಲ್‌ಗೂ ಬೇಡಿಕೆ ಬಂದಿದೆ. ಪೆಟ್ರೋಲಿಗೆ ಶೇ. 20 ಎಥೆನಾಲ್ ಬೆರೆಸುವ ಗುರಿಯನ್ನು ಕೇಂದ್ರ ಸರ್ಕಾರ 2030ರ ಬದಲು 2025-26ಕ್ಕೇ ತಂದಿತು. ಒಂದು ಟನ್ ಕಾಳಿಗೆ ಸುಮಾರು 380 ಲೀಟರ್ ಎಥೆನಾಲ್ ಸಿಗುತ್ತದೆ. ಇದನ್ನು ಹಸಿರು ಇಂಧನ ಅನ್ನಬಹುದೋ ಇಲ್ಲವೋ ಎಂಬುದು ಬಹುಮಟ್ಟಿಗೆ ನಮ್ಮ ಹೊಲದಲ್ಲೇ ತೀರ್ಮಾನವಾಗುತ್ತದೆ.

ನಾನು ಲೆಕ್ಕ ಹಿಡಿದದ್ದು ಯೂರಿಯಾದಿಂದ. 45 ಕೆಜಿ ಚೀಲದಲ್ಲಿ ಸಾರಜನಕ 20 ಕೆಜಿ ಚಿಲ್ಲರೆ. ಅದರಲ್ಲಿ ನೂರಕ್ಕೊಂದು ಪಾಲು ನೈಟ್ರಸ್ ಆಕ್ಸೈಡ್ ಆಗಿ ಗಾಳಿ ಸೇರುತ್ತದೆ ಎಂಬುದು ವಿಜ್ಞಾನಿಗಳ ಸಾಮಾನ್ಯ ಅಂದಾಜು. ಈ ಅನಿಲ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 270 ಪಟ್ಟು ಬಿಸಿ ಏರಿಸುತ್ತದೆ. ಸಾರಜನಕದ ಜೊತೆ ಸೇರುವ ಆಮ್ಲಜನಕದ ತೂಕವನ್ನೂ ಹಿಡಿದರೆ ಚೀಲವೊಂದಕ್ಕೆ 90 ಕೆಜಿಯಷ್ಟು ಇಂಗಾಲದ ಡೈಆಕ್ಸೈಡ್ ಬಿಟ್ಟಂತೆ. ಯೂರಿಯಾ ತಯಾರಿಸಲು ಸುಟ್ಟ ಅನಿಲ ಬೇರೆ!

ಅದಕ್ಕೇ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು ಪರೀಕ್ಷೆ ಮಾಡಿಸಿದೆ. ಬೇಸಿಗೆಯಲ್ಲಿ ಗೊಬ್ಬರಕ್ಕೆಂದು ಹೊಲದಲ್ಲಿ ಕುರಿ ನಿಲ್ಲಿಸುತ್ತೇನೆ. ಯೂರಿಯಾವನ್ನು ಒಂದೇ ಸಲ ಎರಚದೆ, ಬೆಳೆ ಮೊಣಕಾಲುದ್ದ ಬಂದಾಗ ಒಮ್ಮೆ, ಸೂಲಂಗಿ (ತುದಿಯ ಹೂಗೊಂಚಲು) ಬರುವ ಮುಂಚೆ ಒಮ್ಮೆ, ನೆಲ ಹಸಿ ಇದ್ದಾಗಲೇ ಹಾಕಿ ಎಡೆಕುಂಟೆ ಹೊಡೆದು ಮುಚ್ಚುತ್ತೇನೆ. ಆರು ಸಾಲಿಗೊಂದು ಸಾಲು ತೊಗರಿ. ತೊಗರಿಯ ಎಲೆ ಉದುರಿ ನೆಲಕ್ಕೇ ಸೇರುತ್ತದೆ, ಮನೆಗೆ ಬೇಳೆಯೂ ಆಯಿತು.

ದಂಟಿಗೆ ಬೆಂಕಿ ಹಚ್ಚುವುದಿಲ್ಲ. ಬಾಯ್ಲರಿಗೆ ಬೇಕೆಂದು ಕೇಳುವವರಿದ್ದಾರೆ, ಅವರಿಗೂ ಕೊಡುವುದಿಲ್ಲ. ದನಕ್ಕೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ರೋಟಾವೇಟರ್ ಹೊಡೆಸಿ ಮಣ್ಣಿಗೇ ಸೇರಿಸುತ್ತೇನೆ. ಮಳೆ ಬಿದ್ದು ವಾರವಾದ ಮೇಲೂ ಆ ಚೂರುಗಳ ಕೆಳಗೆ ಬೆರಳಿಟ್ಟರೆ ಹಸಿ ತಾಗುತ್ತದೆ. ಕಾಳೂ ಹೋಗಿ ದಂಟೂ ಹೋದರೆ ಮಣ್ಣಿಗೆ ಉಳಿಯುವುದೇನು?

ಬದುವಿನ ಮೇಲೆ ಹೊಂಗೆ ಹಚ್ಚಿದ್ದೇನೆ. ಊಟದ ಬೆಳೆಯ ಜಾಗ ಕಸಿಯದ ಇಂಧನವೆಂದರೆ ನನ್ನ ಪಾಲಿಗೆ ಅದರ ಬೀಜದ ಎಣ್ಣೆಯೇ. ಫಸಲಿಗೆ ಐದಾರು ವರ್ಷ ಕಾಯಬೇಕು, ಆದರೆ ಬೇರಿನಲ್ಲಿ ಸಾರಜನಕ ಹಿಡಿಯುವ ಮರ, ಆಡು ಬಾಯಿ ಹಾಕುವುದು ಕಡಿಮೆ. ಬೇಸಿಗೆಯಲ್ಲಿ ಕಾಯಿ ಒಣಗಿಸಿ ಕೊಡತಿಯಿಂದ ಬಡಿದರೆ ಕಂದು ಬೀಜ ಹೊರಬೀಳುತ್ತದೆ. ಎಣ್ಣೆ ತೆಗೆದ ಹಿಂಡಿ ಮರಳಿ ಹೊಲಕ್ಕೆ.

ಇನ್ನು ಗೋಮಾಳ, ಹುಲ್ಲುಗಾವಲು ಒಡೆದು ಗೋವಿನಜೋಳ ಬಿತ್ತಿದರೆ ಈ ಯಾವ ಲೆಕ್ಕವೂ ನಿಲ್ಲದು. ರಾಣೆಬೆನ್ನೂರಿನ ಕೃಷ್ಣಮೃಗಗಳಿಗೆ ಇರುವುದೇ ಅಂಥ ನೆಲ. ಆ ಮಣ್ಣಲ್ಲಿ ಕೂಡಿದ ಇಂಗಾಲ ಒಮ್ಮೆ ಹೊರಬಿದ್ದರೆ ಎಥೆನಾಲ್‌ನಿಂದ ತೀರಿಸಲು ಎಷ್ಟೋ ವರ್ಷ ಬೇಕು.

ಮಾರಾಟಕ್ಕೆ ಹೋದಾಗ ಕಾಳಿನ ತೇವಾಂಶ ಅಳೆಯುತ್ತಾರೆ, ದಂಟು ಸುಟ್ಟವನಿಗೂ ಉಳಿಸಿದವನಿಗೂ ಒಂದೇ ದರ. ಹಸಿರು ಇಂಧನ ಅಂತ ಕೊಳ್ಳುವವರು ಯಾವ ನೆಲದ ಕಾಳು, ಎಷ್ಟು ಯೂರಿಯಾ ಎಂದೂ ಕೇಳಬೇಕು, ಅದಕ್ಕೆ ತಕ್ಕ ದರವನ್ನೂ ಕೊಡಬೇಕು.